ಮಿನಿಬಸ್ಸಿನ ಹಿಂದೆ ಎಸ್ಫಂದಿಯಾರ್

ಎಸ್ಫಂದಿಯಾರ್ ತೀರಿಕೊಂಡ. ಮಂಗಳವಾರ ಬೆಳಿಗ್ಗೆ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗ ಅವನ ಹೃದಯ ನಿಂತಿತು.

ಇದರಿಂದ ಊರಿನವರಿಗೆ ದುಃಖಕ್ಕಿಂತ ಹೆಚ್ಚಾಗಿ ಮುಖಭಂಗವಾದಂತಿದೆ. ಪರದೆ ಅಂಗಡಿಯ ಎಸ್ಫಂದಿಯಾರ್ ಒಂದಲ್ಲ ಒಂದು ದಿನ ನಾಲಾನ್ ಘಾಟಿಯಲ್ಲಿ ಮೋಟರ್‌ಸೈಕಲ್ಲಿನಿಂದ ಬಿದ್ದೇ ಸಾಯುತ್ತಾನೆ ಎಂದು ಅವರೆಲ್ಲ ಎಷ್ಟೋ ವರ್ಷಗಳಿಂದ ಭರವಸೆ ಇಟ್ಟುಕೊಂಡಿದ್ದರು. ಮೂರನೆಯ ದಿನದ ಶೋಕ ಪ್ರಾರ್ಥನೆಗೆ ಮಸೀದಿಗೆ ಬಂದವರು ಬಾಯಲ್ಲಿ ಹಲ್ವಾ ಇಟ್ಟುಕೊಂಡೇ, "ಘಾಟಿಯಲ್ಲಿ ತಾನೇ?" ಎಂದು ಕೇಳಿದರು. ಅಲ್ಲ, ಹಲ್ಲಿನ ಡಾಕ್ಟರ ಹತ್ತಿರ ಎಂದೆ. "ಛೆ," ಎಂದರು. ಆ ಛೆ ಅವನ ಸಾವಿಗೋ, ತಮ್ಮ ಊಹೆ ತಪ್ಪಿದ್ದಕ್ಕೋ ನನಗೆ ತಿಳಿಯಲಿಲ್ಲ. ದಿನಸಿ ಅಂಗಡಿಯ ಹಾಜಿ ಫತುಲ್ಲಾ ಮಾತ್ರ ಸುಲಭವಾಗಿ ಸೋಲುವವನಲ್ಲ. "ಹೋಗುವಾಗ ಬೈಕಿನಲ್ಲೇ ಹೋಗಿದ್ದನಂತಲ್ಲ?" ಎಂದು ಕೊನೆಯ ಪ್ರಯತ್ನ ಮಾಡಿದ. ಹೌದು, ಬೈಕಿನಲ್ಲೇ ಹೋಗಿದ್ದ. ಬೈಕಿಗೆ ಏನೂ ಆಗಿಲ್ಲ.

ಅವನ ಹಲ್ಲಿಗೂ ಏನೂ ಆಗಿರಲಿಲ್ಲವಂತೆ. ಡಾಕ್ಟರು ಆಮೇಲೆ ಹೇಳಿದರು: ಎಡದವಡೆಯ ಆ ನೋವು ಎದೆಯಿಂದ ಬಂದದ್ದಿರಬೇಕು. ಅಂದರೆ ತಪ್ಪು ಜಾಗದಲ್ಲಿ ದೋಷ ಹುಡುಕುವ ತನ್ನ ಪದ್ಧತಿಯನ್ನು ನನ್ನ ಗೆಳೆಯ ಕೊನೆಯ ದಿನದವರೆಗೂ ನಿಷ್ಠೆಯಿಂದ ಪಾಲಿಸಿದ. ಇದನ್ನು ಬರೆಯುವಾಗ ನಗು ಬರುತ್ತದೆ. ಅವನಿದ್ದಿದ್ದರೆ ಅವನೂ ನಕ್ಕು, ಆಮೇಲೆ ಡಾಕ್ಟರು ಹೇಳಿದ್ದು ಸರಿಯಲ್ಲ ಎಂದು ವಾದಿಸುತ್ತಿದ್ದ.

ಅವನ ಪರದೆ ಅಂಗಡಿಯೂ ನನ್ನ ಪುಸ್ತಕದ ಅಂಗಡಿಯೂ ಎದುರುಬದುರು. ಊರಿನ ಪ್ರತಿ ಕಿಟಕಿಯ ಅಗಲ ಅವನಿಗೆ ಬಾಯಿಪಾಠ. ಯಾರಾದರೂ ಹೊಸ ಮದುವೆಯಾದರೆ ಹುಡುಗಿ ಹೇಗಿದ್ದಾಳೆ ಎಂದು ನಾವು ಕೇಳುತ್ತಿದ್ದೆವು, ಅವನು ಮಲಗುವ ಕೋಣೆಗೆ ಎಷ್ಟು ಕಿಟಕಿ ಎಂದು ಕೇಳುತ್ತಿದ್ದ. ಕೊರಳಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ಹಾರದಂತೆ ಬಿದ್ದಿರುತ್ತಿತ್ತು. ಅಳೆದ ಮೇಲೆ ಜಗತ್ತಿನಲ್ಲಿ ಅನುಮಾನಕ್ಕೆ ಜಾಗವಿಲ್ಲ ಎಂಬುದು ಅವನ ಧರ್ಮ. ಅಳೆಯುವ ಮೊದಲೂ ಅವನಿಗೆ ಅನುಮಾನವಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇಂಥ ಮನುಷ್ಯನಿಗೆ ಮಹ್ಲಕಾ ಎಂಬ ಹೆಂಡತಿ ಮತ್ತು ನೂರಿಪ್ಪತ್ತೈದು ಸಿಸಿಯ ಒಂದು ಕೆಂಪು ಮೋಟರ್‌ಸೈಕಲ್ ಇದ್ದವು. ಮಕ್ಕಳಿರಲಿಲ್ಲ. ಪ್ರತಿ ಶುಕ್ರವಾರ ಇಬ್ಬರೂ ಘಾಟಿ ದಾಟಿ ದರ್ರೆ ಗೆರ್ದುವಿನಲ್ಲಿರುವ ಮಹ್ಲಕಾಳ ಅಕ್ಕ ತೂಬಾಳ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಎಸ್ಫಂದಿಯಾರನಿಗೆ ಶುಕ್ರವಾರ ಎಂದರೆ ಪ್ರಾಣ. ಅತ್ತಿಗೆಯ ಅನ್ನಕ್ಕಲ್ಲ. ಮನೆಯಲ್ಲಿ ಮಹ್ಲಕಾ ಹೆಚ್ಚು ಮಾತಾಡುವವಳಲ್ಲ. ಒಲೆ, ಹೊಲಿಗೆ ಯಂತ್ರ, ಅಂಗಳದ ದಾಳಿಂಬೆ ಗಿಡ ಇವುಗಳ ನಡುವೆ ಅವಳ ವಾರ ಸದ್ದಿಲ್ಲದೆ ಮುಗಿಯುತ್ತಿತ್ತು. ಬೈಕು ಊರ ಗಡಿ ದಾಟಿದ ಕೂಡಲೇ ಅವಳಿಗೆ ಮಾತು ಬರುತ್ತಿತ್ತಂತೆ. ಇಡೀ ವಾರದ್ದನ್ನು ಗಂಡನ ಬೆನ್ನಿಗೆ ಹೇಳುತ್ತಿದ್ದಳಂತೆ: ನೆರೆಮನೆಯ ಸೊಸೆ, ಬಾವಿಯ ಪಂಪು, ಕನಸು, ಸಿಟ್ಟು. "ಗಾಳಿಯಲ್ಲಿ ಅರ್ಧ ಕೇಳಿಸೋದಿಲ್ಲ ಕಣೋ ಹೂಶಂಗ್," ಎಂದು ಅವನು ನನ್ನಲ್ಲಿ ದೂರುತ್ತಿದ್ದ. "ಆದರೂ ನನಗೆ ಗೊತ್ತಿರೋದೆಲ್ಲ ಆ ಅರ್ಧವೇ."

ಆ ಅರ್ಧವನ್ನು ಅವನು ತನ್ನ ಕೈಯಾರೆ ಕಳೆದುಕೊಂಡ.

ತೊಂದರೆ ಶುರುವಾದದ್ದು ತಿರುವುಗಳಲ್ಲಿ. ಒಬ್ಬನೇ ಹೋದರೆ ಬೈಕು ಹೇಳಿದಂತೆ ಕೇಳುತ್ತಿತ್ತು. ಮಹ್ಲಕಾ ಹಿಂದೆ ಕೂತರೆ ಘಾಟಿಯ ಪ್ರತಿ ತಿರುವಿನಲ್ಲೂ ಹೊರಗಡೆಗೆ, ಕಂದಕದ ಕಡೆಗೆ, ಜಾರಲು ನೋಡುತ್ತಿತ್ತು. ಮುಂದಿನ ಚಕ್ರ ತೇಲಿದಂತೆ, ಹಿಂಭಾಗ ಕುಸಿದಂತೆ. ಒಂದೆರಡು ಸಲ ಸ್ಟ್ಯಾಂಡು ನೆಲಕ್ಕೆ ಉಜ್ಜಿ ಕಿಡಿ ಹಾರಿತ್ತು. ಇದು ಶಾಕ್ ಅಬ್ಸಾರ್ಬರಿನ ದೋಷ ಎಂದು ಎಸ್ಫಂದಿಯಾರ್ ತೀರ್ಮಾನಿಸಿದ.

ಆ ಬೈಕಿಗೆ ಹಿಂದೆ ಎಡಕ್ಕೊಂದು ಬಲಕ್ಕೊಂದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ. ಬಳೆಯನ್ನು ಒಂದೊಂದೇ ಮೆಟ್ಟಿಲು ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ, ಹೆಚ್ಚು ಭಾರ ತಡೆಯುತ್ತದೆ. ಇಬ್ಬರು ಕೂರುವಾಗ ಒಂದೆರಡು ಮೆಟ್ಟಿಲು ಏರಿಸಬೇಕು, ಅಷ್ಟೇ ವಿದ್ಯೆ. ನಮ್ಮವನಿಗೆ ಅಷ್ಟು ಸಾಲದು. ಮೊದಲು ಎರಡನ್ನೂ ಕೊನೆಯ ಮೆಟ್ಟಿಲಿಗೆ ಏರಿಸಿದ; ಗಟ್ಟಿಯಾದದ್ದೆಲ್ಲ ಸ್ಥಿರ ಎಂಬ ತತ್ವದ ಮೇಲೆ. ಮಹ್ಲಕಾ ಪ್ರತಿ ಗುಂಡಿಗೂ ಬಾಣಲೆಯ ಜೋಳದ ಕಾಳಿನಂತೆ ಹಾರಿದಳು. ಆಮೇಲೆ ಎರಡನ್ನೂ ಪೂರ್ತಿ ಸಡಿಲಿಸಿದ. ಕಿಡಿ ಹೆಚ್ಚಾಯಿತು. ಕೊನೆಗೆ ಒಂದು ದಿನ ನನ್ನ ಅಂಗಡಿಗೆ ಬಂದು, ಬೆಳಕು ಕಂಡವನಂತೆ ಕೂತ.

"ಹೂಶಂಗ್, ಹೋಗುವಾಗ ಘಾಟಿಯಲ್ಲಿ ಎಡ ತಿರುವು ಜಾಸ್ತಿ."

"ಇರಬಹುದು."

"ಇರಬಹುದಲ್ಲ, ಎಣಿಸಿದ್ದೀನಿ. ಹಾಗಿದ್ದ ಮೇಲೆ ಎಡಗಡೆ ಸ್ಪ್ರಿಂಗು ಯಾಕೆ ಬಲಗಡೆಯಷ್ಟೇ ಇರಬೇಕು?"

"ಬರುವಾಗ?"

"ಬರುವಾಗ ತೂಬಾ ಮನೆ ಅಂಗಳದಲ್ಲಿ ಅದಲುಬದಲು ಮಾಡ್ತೀನಿ."

ಮಾಡಿದ. ಒಂದಿಡೀ ಬೇಸಿಗೆ, ಅತ್ತಿಗೆಯ ಮನೆಯ ಅಂಗಳದಲ್ಲಿ, ಊಟದ ಮೇಲೆ ಎಲ್ಲರೂ ಚಹಾ ಕುಡಿಯುತ್ತಿರುವಾಗ ಇವನು ನೆಲದ ಮೇಲೆ ಮಲಗಿ ಎಡದ ಬಳೆ ಇಳಿಸಿ ಬಲದ ಬಳೆ ಏರಿಸುತ್ತಿದ್ದ. ತೂಬಾಳ ಗಂಡ ಇದನ್ನು ನಮಾಜಿನಂತೆ ಒಂದು ನಿಯಮ ಎಂದುಕೊಂಡು ಅವನಿಗಾಗಿ ಒಂದು ಚಾಪೆ ಹಾಸಿ ಕೊಡುತ್ತಿದ್ದನಂತೆ. ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ ಆದ ಬೈಕು ಏಡಿಯಂತೆ ಓಡುತ್ತದೆ ಎಂದು ಯಾರಾದರೂ ಹೇಳಬಹುದಿತ್ತು. ಹೇಳಿದರು. ಉಸ್ತಾದ್ ಯದುಲ್ಲಾ ಹೇಳಿದ.

ಯದುಲ್ಲಾನ ಗ್ಯಾರೇಜಿಗೆ ನಾನೂ ಜೊತೆಗೆ ಹೋಗಿದ್ದೆ. ಅವನು ಒಳ್ಳೆಯ ಕೆಲಸಗಾರ, ಮಹಾ ಸೋಮಾರಿ, ಬಾಯಿ ಮಾತ್ರ ಎರಡಾಳಿನಷ್ಟು. ಬೈಕನ್ನು ಕಾಲಿನಿಂದ ಒಮ್ಮೆ ಒತ್ತಿ, "ಈ ಎಡ ಬಲದ ವಿದ್ಯೆ ಯಾವ ಹುಚ್ಚಾಸ್ಪತ್ರೇಲಿ ಹೇಳಿಕೊಟ್ಟರು?" ಎಂದ. ಆಮೇಲೆ ದನಿ ತಗ್ಗಿಸಿ ಕೇಳಬೇಕಾದದ್ದನ್ನು ಕೇಳಿದ.

"ಹಿಂದೆ ಕೂರೋರು ಎಷ್ಟು ಭಾರ?"

ನಮ್ಮೂರಿನ ಎಲ್ಲ ಗ್ಯಾರೇಜುಗಳ ಎಲ್ಲ ರಿಪೇರಿಯೂ ಕೆಡುವುದು ಈ ಪ್ರಶ್ನೆಯಲ್ಲಿ. ಪರಗಂಡಸರ ಎದುರು ಹೆಂಡತಿಯ ಹೆಸರನ್ನೇ ಹೇಳದೆ 'ಮನೆಯವರು' ಎಂದು ದಾಟಿಸುವ ಜನ ನಾವು. ಅವರ ತೂಕವನ್ನು ಟಯರಿನ ರಾಶಿಯ ನಡುವೆ ನಿಂತು ಘೋಷಿಸುವುದು ಎಂದರೇನು? ಹಾಗೆಂದು ಹೇಳದೆಯೂ ಆಗದು. ಆದ್ದರಿಂದ ಎಲ್ಲ ಗಂಡಂದಿರೂ ಒಂದೇ ಉತ್ತರ ಕೊಡುತ್ತಾರೆ.

"ಮಾಮೂಲಿ," ಎಂದ ಎಸ್ಫಂದಿಯಾರ್.

"ರೊಟ್ಟಿ ತಿನ್ನೋ ಮಾಮೂಲಿಯೋ, ಅನ್ನ ತಿನ್ನೋ ಮಾಮೂಲಿಯೋ?"

"ಬಾಯಿ ಸರಿಯಾಗಿಟ್ಟುಕೋ ಯದುಲ್ಲಾ."

"ನನ್ನ ಬಾಯಿ ಸರಿಯಾಗಿದೆ, ನಿನ್ನ ಬೈಕು ಸರಿಯಿಲ್ಲ. ಸುಮಾರಾಗಿ ಇಷ್ಟು ಅಂತಾದ್ರೂ ಹೇಳು. ಹಿಟ್ಟಿನ ಮೂಟೆಗಿಂತ ಮೇಲೋ ಕೆಳಗೋ?"

ಎಸ್ಫಂದಿಯಾರ್ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಎಂಜಿನ್ ಎಣ್ಣೆಯ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ. "ಸ್ವಲ್ಪ ಕೆಳಗೆ," ಎಂದ. ಮರ್ಯಾದೆಗಾಗಿ ಹೇಳಿದ ಮಾತು ಅದು. ನಾವು ಗೌರವದಿಂದ ಮಹ್ಲಕಾ ಖಾನುಮ್ ಎನ್ನುವ ಆಕೆ ಸಣ್ಣ ಆಳಲ್ಲ. ಯದುಲ್ಲಾ ಎರಡೂ ಪಕ್ಕ ಸಮ ಮಾಡಿ, ಆ ಸುಳ್ಳಿಗೆ ತಕ್ಕ ಮೆಟ್ಟಿಲಿಗೆ ನಿಲ್ಲಿಸಿ ಕಳುಹಿಸಿದ.

ಮುಂದಿನ ಶುಕ್ರವಾರ ಘಾಟಿಯ ಚಹಾ ಅಂಗಡಿಯ ಎದುರಿನ ತಿರುವಿನಲ್ಲಿ ಸ್ಟ್ಯಾಂಡು ನೆಲಕ್ಕೆ ಕಚ್ಚಿತು. ಬೈಕು ರಸ್ತೆ ಬಿಟ್ಟು ಜಲ್ಲಿಗೆ ಇಳಿಯಿತು. ವೇಗ ಹೆಚ್ಚಿರಲಿಲ್ಲ. ಎಸ್ಫಂದಿಯಾರ್ ಹೇಗೋ ಕಾಲೂರಿ ನಿಂತ. ಮಹ್ಲಕಾ ಹಿಂದಿನಿಂದ ಜಾರಿ ಜಲ್ಲಿಯ ಮೇಲೆ ಕೂತಳು. ಮೊಣಕೈ ತರಚಿತ್ತು, ಅಷ್ಟೇ. ಅಕ್ಕನ ಮನೆಗೆಂದು ತಂದಿದ್ದ ಕೆನೆ ತುಂಬಿದ ಮಿಠಾಯಿ ರಸ್ತೆಗೆ ಉರುಳಿತ್ತು. ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಸಣ್ಣ ಅಪಘಾತ, ವಾರದೊಳಗೆ ಮರೆತುಹೋಗುತ್ತಿತ್ತು. ಆದರೆ ನನ್ನ ಗೆಳೆಯ ಅಳತೆಯ ಮನುಷ್ಯ. ಚಹಾದ ಲೋಟ ಹಿಡಿದ ಗಂಡಸರೆಲ್ಲ ಎದ್ದು ನೋಡುತ್ತಿರುವಾಗ, ಹೆಂಡತಿಯ ಕೈಹಿಡಿದು ಎತ್ತುವ ಮೊದಲು, ಅವನು ಗಟ್ಟಿಯಾಗಿ ಕೇಳಿದ:

"ನಿಜ ಹೇಳು ಮಹ್ಲಕಾ, ನೀನೆಷ್ಟು ತೂಕ ಇದ್ದೀಯ?"

ಚಹಾ ಅಂಗಡಿಯವನು ಇವತ್ತಿಗೂ ಆ ಕ್ಷಣವನ್ನು ನೆನೆದು ಕಣ್ಣು ಮುಚ್ಚುತ್ತಾನೆ. ಮಹ್ಲಕಾ ಎದ್ದಳು. ಮೈ ಮುಚ್ಚಿದ್ದ ಚಾದರಿನ ಧೂಳು ಕೊಡವಿಕೊಂಡಳು. ಉಳಿದಿದ್ದ ಮಿಠಾಯಿಯನ್ನು ಡಬ್ಬಿಗೆ ತುಂಬಿಕೊಂಡಳು. ಹಿಂದಿನಿಂದ ಬಂದ ದರ್ರೆ ಗೆರ್ದುವಿನ ಮಿನಿಬಸ್ಸಿಗೆ ಕೈ ತೋರಿಸಿ ಹತ್ತಿ, ಕಿಟಕಿಯ ಪಕ್ಕ ಕೂತು, ಪರದೆ ಎಳೆದಳು. ಆ ಪರದೆಯನ್ನೂ ಇವನೇ ಹೊಲಿದುಕೊಟ್ಟಿದ್ದ.

ಅಂದಿನಿಂದ ಅವಳು ಬೈಕು ಹತ್ತಲಿಲ್ಲ. ಜಗಳವಿಲ್ಲ, ಅಳುವಿಲ್ಲ, ತವರು ಸೇರುವ ಮಾತಿಲ್ಲ. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಅಂಗಿಗೆ ಇಸ್ತ್ರಿ ಬೀಳುತ್ತಿತ್ತು. ಶುಕ್ರವಾರ ಬಂತೆಂದರೆ ಡಬ್ಬಿ ಹಿಡಿದು ಮಿನಿಬಸ್ಸಿನ ನಿಲ್ದಾಣಕ್ಕೆ ನಡೆಯುತ್ತಿದ್ದಳು. ಎಸ್ಫಂದಿಯಾರನೂ ಬಸ್ಸಿನಲ್ಲಿ ಹೋಗಬಹುದಿತ್ತು. ಹೋದರೆ ಬೈಕು ಸೋತಂತೆ. ಮನೆಯಲ್ಲಿ ಉಳಿಯಬಹುದಿತ್ತು. ಉಳಿದರೆ ತಾನು ಸೋತಂತೆ. ಹಾಗಾಗಿ ಮಿನಿಬಸ್ಸಿನ ಹಿಂದೆಯೇ ಬೈಕಿನಲ್ಲಿ ಹೊರಟ. ದಾಟಿ ಮುಂದೆ ಹೋಗುತ್ತಿರಲಿಲ್ಲ, ಹಿಂದುಳಿಯುತ್ತಲೂ ಇರಲಿಲ್ಲ. ಇಡೀ ಘಾಟಿಯುದ್ದಕ್ಕೂ ಡೀಸೆಲ್ ಹೊಗೆ ಕುಡಿಯುತ್ತಾ, ಹಿಂದಿನ ಕಿಟಕಿಯ ಪರದೆ ಅಲುಗಾಡುತ್ತದೆಯೇ ಎಂದು ನೋಡುತ್ತಾ ಹೋಗುತ್ತಿದ್ದ. ತೂಬಾಳ ಮನೆ ತಲುಪುವ ಹೊತ್ತಿಗೆ ಕಲ್ಲಿದ್ದಲ ಗಣಿಯಿಂದ ಬಂದವನಂತಿರುತ್ತಿದ್ದ. ಬಸ್ಸಿನ ಡ್ರೈವರು ಅವನಿಗೆ 'ಬೆಂಗಾವಲು' ಎಂದು ಹೆಸರಿಟ್ಟ. ಪ್ರತಿ ತಿರುವಿನಲ್ಲೂ ಹಾರ್ನ್ ಬಾರಿಸಿ ಸಲಾಮು ಮಾಡುತ್ತಿದ್ದ. ಒಂದು ರಾಜಮನೆತನಕ್ಕೂ ಇಷ್ಟು ಗೌರವ ಸಿಕ್ಕಿರಲಾರದು.

"ಕ್ಷಮೆ ಕೇಳೋ," ಎಂದೆ ನಾನು.

"ಕೇಳಿದೆ. ಕ್ಷಮಿಸಿದ್ದೀನಿ ಅಂದಳು."

"ಮತ್ತೆ?"

"ಕ್ಷಮಿಸಿ ಬಸ್ಸು ಹತ್ತಿದಳು." ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಚಹಾ ಹೀರಿದ. "ಎರಡು ತಿಂಗಳಿಂದ ಊರಲ್ಲಿ ಏನು ನಡೀತಿದೆ ಅಂತ ನನಗೆ ಗೊತ್ತಿಲ್ಲ ಕಣೋ. ಪಂಪು ರಿಪೇರಿ ಆಯ್ತೋ ಇಲ್ಲವೋ."

ಆಗ ಅವನು ಮಾಡಿದ್ದೇನು? ಮತ್ತೆ ಬೈಕು ರಿಪೇರಿಗೆ ಇಳಿದ. ಬೈಕು ತಿರುವಿನಲ್ಲಿ ಸರಿಯಾಗಿ ನಿಂತರೆ ಅವಳು ಹತ್ತುತ್ತಾಳೆ ಎಂಬುದು ಅವನ ಲೆಕ್ಕ. ಮುಂದಿನ ಫೋರ್ಕಿಗೆ ದಪ್ಪ ಎಣ್ಣೆ ಹಾಕಿಸಿದ. ಟಯರಿನ ಗಾಳಿ ಸರಿಪಡಿಸಿದ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಹೊಸದು ಹಾಕಿಸಿದ. ಪರೀಕ್ಷೆಗೆ ಹಿಂದೆ ಕೂರಲು ಒಬ್ಬರು ಬೇಕಲ್ಲ, ನನ್ನನ್ನು ಕೂರಿಸಿದ. ನಾನು ತೆಳ್ಳಗಿನವನು. ಅದಕ್ಕೆ ನನ್ನ ಬೆನ್ನಿಗೆ ಕಡಲೆಯ ಚೀಲವೊಂದನ್ನು ಕಟ್ಟಿದ. ಎಷ್ಟು ಕಡಲೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಖಾನುಮಿನ ಮರ್ಯಾದೆಯನ್ನು ಇಬ್ಬರೂ ಸಂಭಾಳಿಸಿದೆವು. ಹೀಗೆ, ಇತಿಹಾಸದ ಪುಸ್ತಕ ಮಾರುವ ವಯಸ್ಸಾದ ಒಬ್ಬ ಗಂಡಸು ಬೆನ್ನಿಗೆ ಕಡಲೆ ಕಟ್ಟಿಕೊಂಡು, ಪರದೆ ಹೊಲಿಯುವ ಇನ್ನೊಬ್ಬನ ಸೊಂಟ ತಬ್ಬಿಕೊಂಡು ನಾಲಾನ್ ಘಾಟಿ ಹತ್ತಿದ. ಚಹಾ ಅಂಗಡಿಯವರು ಮತ್ತೆ ಎದ್ದು ನಿಂತರು. ಒಬ್ಬ ಕೂಗಿದ: "ಎಸ್ಫಂದಿಯಾರ್, ಮುಬಾರಕ್! ಈ ಸಲ ತೂಕ ಕೇಳಿಕೊಂಡೇ ಮದುವೆಯಾದೆಯಾ?"

ಬೈಕು ಅದ್ಭುತವಾಗಿ ತಿರುಗಿತು. ಒಂದು ತಿರುವಿನಲ್ಲೂ ಹೊರಗೆ ಜಾರಲಿಲ್ಲ. ಎಸ್ಫಂದಿಯಾರ್ ಶಿಖರದಲ್ಲಿ ಬೈಕು ನಿಲ್ಲಿಸಿ, ಎರಡೂ ಕೈ ಚಾಚಿ, "ನೋಡಿದೆಯಾ? ಈಗ ಹೋಗಿ ಅವಳಿಗೆ ಹೇಳು," ಎಂದ. ಸ್ವಂತ ಹೆಂಡತಿಗೆ ಸುದ್ದಿ ಮುಟ್ಟಿಸಲು ರಾಯಭಾರಿ.

ಹೋದೆ. ಮಹ್ಲಕಾ ಖಾನುಮ್ ಚಹಾ ಕೊಟ್ಟಳು. ಜೊತೆಗೆ ಸೌತೆಕಾಯಿ ಉಪ್ಪು ಇಟ್ಟಳು. ನಾನು ಒಂದನ್ನು ಬೇಡವೆಂದೆ, ಅವಳು ತಿನ್ನಲೇಬೇಕೆಂದಳು, ನಾನು ಮತ್ತೆ ಬೇಡವೆಂದೆ, ಕೊನೆಗೆ ನಾಲ್ಕು ತಿಂದೆ. ಆಮೇಲೆ ವಿಷಯಕ್ಕೆ ಬಂದೆ.

"ಬೈಕು ಈಗ ಸರಿಯಾಗಿದೆಯಂತೆ, ಖಾನುಮ್."

"ಬೈಕು ಸರಿಯಿಲ್ಲ ಅಂತ ನಾನು ಯಾವಾಗ ಅಂದೆ, ಹೂಶಂಗ್ ಅಣ್ಣ?"

"ತಿರುವಿನಲ್ಲಿ ಇನ್ನು ಜಾರೋದಿಲ್ಲ. ನಾನೇ ಕೂತು ನೋಡಿದೆ."

"ನೀವು ಎಲ್ಲಿ ಕೂತಿದ್ರಿ?"

"ಎಲ್ಲಿ ಅಂದರೆ... ಹಿಂದೆ. ಸೀಟಿನ ಮೇಲೆ."

"ಸೀಟಿನ ಮೇಲೆ!" ಎಂದಳು. ನಕ್ಕಳು. ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. "ಪುಣ್ಯವಂತರು. ನಿಮ್ಮ ಗೆಳೆಯರನ್ನ ಕೇಳಿ, ಇಷ್ಟು ವರ್ಷ ನಾನು ಎಲ್ಲಿ ಕೂತಿದ್ದೆ ಅಂತ."

ಅಂಗಡಿಗೆ ಬಂದು ಕೇಳಿದೆ. ಎಸ್ಫಂದಿಯಾರ್ ಕತ್ತರಿ ಕೆಳಗಿಟ್ಟ.

"ಎಲ್ಲಿ ಅಂದ್ರೆ? ನನ್ನ ಹಿಂದೆ."

"ಹಿಂದೆ ಎಲ್ಲಿ?"

"ಹಿಂದೆ ಅಂದ್ರೆ ಹಿಂದೆ ಕಣೋ! ನನಗೆ ಬೆನ್ನಲ್ಲಿ ಕಣ್ಣಿದೆಯಾ?"

"ಮಿಠಾಯಿ ಡಬ್ಬಿ ಎಲ್ಲಿರ್ತಿತ್ತು?"

ಅವನು ನಿಧಾನವಾಗಿ ಎದ್ದು ಹೊರಗೆ ಬೈಕಿನ ಹತ್ತಿರ ಹೋದ. ನಾನೂ ಹೋದೆ.

ನಮ್ಮಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಅಕ್ಕನ ಮನೆಗೆ ಹೋಗುವವಳು ಕೆನೆ ಮಿಠಾಯಿಯ ಡಬ್ಬಿ ಒಯ್ಯಲೇಬೇಕು. ಅದನ್ನು ಕಟ್ಟಿ ನೇತುಹಾಕಿದರೆ ಕೆನೆ ಕಲಸಿಹೋಗುತ್ತದೆ. ಮಡಿಲಲ್ಲಿಟ್ಟರೆ ಗಂಡನ ಬೆನ್ನಿಗೆ ಒತ್ತುತ್ತದೆ. ಆದ್ದರಿಂದ ಮಹ್ಲಕಾ ಡಬ್ಬಿಯನ್ನು ಸೀಟಿನ ಮೇಲೆ, ತನ್ನ ಮತ್ತು ಗಂಡನ ನಡುವೆ, ಅತಿಥಿಯಂತೆ ಕೂರಿಸುತ್ತಿದ್ದಳು. ಡಬ್ಬಿಗೆ ಜಾಗವಾಗಲೆಂದು, ಗಾಡಿ ಓಡಿಸುವವನಿಗೆ ಇಕ್ಕಟ್ಟಾಗದಿರಲೆಂದು ತಾನು ಹಿಂದೆ ಸರಿದು ಸರಿದು, ಸೀಟು ಮುಗಿದು, ಸಾಮಾನು ಕಟ್ಟುವ ಕಬ್ಬಿಣದ ಕ್ಯಾರಿಯರಿನ ಮೇಲೆ ಕೂರುತ್ತಿದ್ದಳು. ತಿರುವು ಬಂದಾಗ ಮಿಠಾಯಿ ಜಾರದಂತೆ ಎರಡೂ ಕೈಯಲ್ಲಿ ಅದನ್ನೇ ಹಿಡಿದುಕೊಳ್ಳುತ್ತಿದ್ದಳು. ತನ್ನನ್ನು ಹಿಡಿದುಕೊಳ್ಳಲು ಕೈ ಉಳಿಯುತ್ತಿರಲಿಲ್ಲ.

ಎಸ್ಫಂದಿಯಾರ್ ನನ್ನನ್ನು ಮುಂದೆ ಕೂರಿಸಿ, ತಾನು ಕ್ಯಾರಿಯರಿನ ಮೇಲೆ ಕೂತ. ಹಿಂಚಕ್ರದ ಅಚ್ಚಿಗಿಂತಲೂ ಹಿಂದೆ. ಬೈಕಿನ ಬಾಲ ಕುಸಿಯಿತು, ನನ್ನ ಕೈಯಲ್ಲಿದ್ದ ಹ್ಯಾಂಡಲ್ ಹಗುರಾಯಿತು, ಮುಂದಿನ ಫೋರ್ಕು ಉಸಿರು ಬಿಟ್ಟಂತೆ ಮೇಲೆದ್ದಿತು. ಇಂಥ ಬೈಕನ್ನು ತಿರುವಿನಲ್ಲಿ ತಿರುಗಿಸಿದರೆ ಅದು ತನಗೆ ಬೇಕಾದ ಕಡೆ ಹೋಗುತ್ತದೆ ಎನ್ನುವುದು ನನಗೂ ಅರ್ಥವಾಯಿತು. ಅವನು ಬಹಳ ಹೊತ್ತು ಆ ಕಬ್ಬಿಣದ ಮೇಲೇ ಕೂತಿದ್ದ. ಆಮೇಲೆ ಸೊಂಟ ಹಿಡಿದುಕೊಂಡು ಇಳಿದ.

"ಇದು ಚುಚ್ಚುತ್ತದೆ," ಎಂದ.

"ಹೌದಾ?"

"ಒಂದು ಸಲವೂ ಹೇಳಲಿಲ್ಲವಲ್ಲೋ ಅವಳು."

"ನೀನು ತೂಕ ಕೇಳಿದೆ. ಇದನ್ನ ಕೇಳಲಿಲ್ಲ."

ಅವನು ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ತಗಡಿನ ಕೆಲಸದವನ ಹತ್ತಿರ ಹೋಗಿ ಹಿಂಚಕ್ರದ ಪಕ್ಕಕ್ಕೆ, ಆದಷ್ಟು ಕೆಳಗೆ ಕೂರುವಂಥ ಒಂದು ಪೆಟ್ಟಿಗೆ ಮಾಡಿಸಿದ, ಒಳಗೆ ಹತ್ತಿಯ ಮೆತ್ತೆ ಹಾಕಿದ. ಮಿಠಾಯಿಗೆ. ಒಂದೇ ಪಕ್ಕ ಪೆಟ್ಟಿಗೆಯಿದ್ದರೆ ಬೈಕು ವಾಲುತ್ತದೆಂದು ಇನ್ನೊಂದು ಪಕ್ಕಕ್ಕೂ ಮಾಡಿಸಿದ. ಅದು ಖಾಲಿಯಿದ್ದರೆ ಸಮತೋಲ ತಪ್ಪುತ್ತದೆಂದು ಅದಕ್ಕೂ ಮಿಠಾಯಿ ತುಂಬಿಸಿದ. ಮಿನಿಬಸ್ಸಿನ ಹಿಂದೆ ಹೋಗುವಾಗ ಇವನದೊಂದು ಸರಕು, ಬಸ್ಸಿನೊಳಗೆ ಅವಳದೊಂದು ಡಬ್ಬಿ. ಆ ವರ್ಷ ತೂಬಾಳ ಮನೆಯವರೆಲ್ಲ ಬಟ್ಟೆ ಸಡಿಲಿಸಿ ಹೊಲಿಸಿಕೊಳ್ಳಬೇಕಾಯಿತು. ಕ್ಯಾರಿಯರನ್ನು ಬಿಚ್ಚಿ ಗುಜರಿಗೆ ಹಾಕಿದ.

ಉಳಿದದ್ದು ಸ್ಪ್ರಿಂಗಿನ ಅಳತೆ. ತೂಕ ಗೊತ್ತಿಲ್ಲದೆಯೂ ಅದನ್ನು ಹೊಂದಿಸಬಹುದು ಎಂದು ಯದುಲ್ಲಾ ಮೊದಲೇ ಹೇಳಿದ್ದ. ಬೈಕು ಖಾಲಿಯಿರುವಾಗ ಚಕ್ರದ ಅಚ್ಚಿನಿಂದ ಸೀಟಿನ ಅಂಚಿನವರೆಗೆ ಒಮ್ಮೆ ಅಳೆಯುವುದು, ಇಬ್ಬರೂ ಕೂತ ಮೇಲೆ ಇನ್ನೊಮ್ಮೆ ಅಳೆಯುವುದು; ಎಷ್ಟು ಕುಸಿಯಿತು ಎನ್ನುವುದರ ಮೇಲೆ ಬಳೆ ತಿರುಗಿಸುವುದು. ಆದರೆ ಮನೆಯ ಹೆಂಗಸನ್ನು ಗ್ಯಾರೇಜಿಗೆ ಕರೆತಂದು ಗಂಡಸರ ಗುಂಪಿನಲ್ಲಿ ಬೈಕಿನ ಮೇಲೆ ಕೂರಿಸುವುದು ಹೇಗೆ? ಇಡೀ ಊರಿನಲ್ಲಿ ಈ ವಿದ್ಯೆ ಬಳಕೆಗೆ ಬಾರದೆ ಉಳಿದದ್ದು ಅದಕ್ಕೇ. ಎಸ್ಫಂದಿಯಾರ್ ಅದನ್ನು ತನ್ನ ಅಂಗಳಕ್ಕೆ ತಂದ. ಹೆಂಡತಿಗೆ ಏನು ಹೇಳಿ ಒಪ್ಪಿಸಿದನೋ ಗೊತ್ತಿಲ್ಲ. ನನ್ನನ್ನು ಕರೆದದ್ದು ಬೈಕು ಅಲುಗದಂತೆ ಹ್ಯಾಂಡಲ್ ಹಿಡಿದುಕೊಳ್ಳಲು. ನಾನು ಹ್ಯಾಂಡಲ್ ಹಿಡಿದು, ಮುಖವನ್ನು ದಾಳಿಂಬೆ ಗಿಡದ ಕಡೆ ತಿರುಗಿಸಿ, ಕುರುಡನಂತೆ ನಿಂತೆ. ಆದ್ದರಿಂದ ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ.

"ಕೂತುಕೊಳ್ಳಿ," ಎಂದ ಎಸ್ಫಂದಿಯಾರ್. ಹೆಂಡತಿಯನ್ನು ಅವನು ಬಹುವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಚಾದರಿನ ಸರಸರ. ಸ್ಪ್ರಿಂಗು ಮೆಲ್ಲಗೆ ಕಿರುಗುಟ್ಟಿತು.

"ಇನ್ನೂ ಮುಂದೆ. ಇನ್ನೂ. ನನಗೆ ಇಕ್ಕಟ್ಟಾಗಲ್ಲ."

"ಆಗುತ್ತೆ."

"ಆಗಲಿ."

ತಾನೂ ಕೂತ. ಕೂತವನು ಬಗ್ಗಿ ಅಳೆಯಲು ಹೆಣಗಿದ. ಆಗದೆ ಟೇಪಿನ ತುದಿಯನ್ನು ಅವಳ ಕೈಗೇ ಕೊಟ್ಟ. "ಸೀಟಿನ ಅಂಚಿಗೆ ಹಿಡಿಯಿರಿ. ಗಟ್ಟಿಯಾಗಿ. ಅಲ್ಲೇ." ಟೇಪು ಸರ್ರನೆ ಜಾರಿದ ಸದ್ದು.

"ಎಷ್ಟು ಬಂತು?" ಎಂದು ಮಹ್ಲಕಾ ಕೇಳಿದಳು.

"ಮೂರು ಬೆರಳು ಕುಸಿದಿದೆ."

"ಅದು ನನ್ನಿಂದಲೋ ನಿಮ್ಮಿಂದಲೋ?"

"ಇಬ್ಬರದ್ದೂ ಸೇರಿ," ಎಂದ. "ಬೇರೆ ಬೇರೆ ಹೇಳೋಕೆ ಟೇಪಿಗೆ ಬರಲ್ಲ."

ಅವಳು ಇಳಿದು ಒಳಗೆ ಹೋದಳು. ಎಸ್ಫಂದಿಯಾರ್ ಎರಡೂ ಬಳೆಗಳನ್ನು ಒಂದೇ ಸಮನಾಗಿ, ಎಡವೂ ಬಲವೂ ಒಂದೇ ಮೆಟ್ಟಿಲಿಗೆ, ಎರಡೆರಡು ಸಲ ನೋಡಿ ಏರಿಸಿದ. ಮುಂದಿನ ಶುಕ್ರವಾರ ಅವಳು ಮಿನಿಬಸ್ಸಿಗೇ ಹೋದಳು. ಅದರ ಮುಂದಿನ ಶುಕ್ರವಾರವೂ. ಕಥೆಗಳಲ್ಲಾದರೆ ಅಂಗಳದಿಂದಲೇ ಬೈಕು ಹೊರಟುಬಿಡುತ್ತಿತ್ತು. ಮಹ್ಲಕಾ ಖಾನುಮ್ ಕಥೆ ಓದುವವಳಲ್ಲ. ಚಳಿಗಾಲ ಬಂದು ಘಾಟಿಯಲ್ಲಿ ಹಿಮ ಬಿತ್ತು, ಕರಗಿತು, ಹೊಸ ವರ್ಷ ಬಂದು ಹೋಯಿತು. ಎಸ್ಫಂದಿಯಾರ್ ಬಸ್ಸಿನ ಹಿಂದೆ ಹೋಗುತ್ತಲೇ ಇದ್ದ. ಸ್ಪ್ರಿಂಗನ್ನು ಮತ್ತೆ ಮುಟ್ಟಲಿಲ್ಲ. ಇಬ್ಬರಿಗೆ ಹೊಂದಿಸಿದ ಬೈಕಿನಲ್ಲಿ ಒಬ್ಬನೇ ಕೂತರೆ ಅದು ಕತ್ತೆಯಂತೆ ಒದೆಯುತ್ತದೆ. ಒದೆಸಿಕೊಂಡೇ ಓಡಾಡಿದ. ಸೊಂಟ ನೋವು ಎನ್ನುತ್ತಿದ್ದ. ಒಬ್ಬನಿರುವಾಗ ಸಡಿಲಿಸಿಕೋ ಎಂದರೆ, "ಅಕಸ್ಮಾತ್ ಇವತ್ತೇ ಹತ್ತಿದರೆ?" ಎನ್ನುತ್ತಿದ್ದ.

ಹೋದ ಸೋಮವಾರ ದವಡೆ ನೋವು ಶುರುವಾಯಿತು. ನಮ್ಮೂರಿನ ಹಲ್ಲಿನ ಡಾಕ್ಟರು ರಜೆಯಲ್ಲಿದ್ದರು. ಇನ್ನೊಬ್ಬರಿರುವುದು ಘಾಟಿಯ ಆಚೆ. ಮಂಗಳವಾರ ಮಿನಿಬಸ್ಸು ಇಲ್ಲ. ಬಾಡಿಗೆ ಕಾರು ತರಿಸೋಣ ಎಂದು ನಾನೆಂದೆ. ಹಲ್ಲು ಕೀಳಿಸಲು ಕಾರೇ ಎಂದು ಅವನು ನಕ್ಕ. ಬೈಕು ಹೊರಗೆ ತಂದು ಕಿಕ್ ಹೊಡೆಯುವಾಗ ಮಹ್ಲಕಾ ಬಾಗಿಲಲ್ಲಿ ಕಾಣಿಸಿಕೊಂಡಳು. ಚಾದರನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಮಿಠಾಯಿ ಒಯ್ಯುವ ಪದ್ಧತಿ ನಮ್ಮಲ್ಲೂ ಇಲ್ಲ.

"ಮುಂದೆ ಸರೀರಿ," ಎಂದಳು.

ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂಬಂತೆ ಕತ್ತು ನೆಟ್ಟಗಿಟ್ಟುಕೊಂಡು, ಟ್ಯಾಂಕಿನ ಮೇಲೇ ಹತ್ತುವಷ್ಟು ಮುಂದೆ ಸರಿದ. ಅವಳು ಕೂತಳು. ಒಂದು ಕೈ ಅವನ ಭುಜದ ಮೇಲಿತ್ತು. ಬೀದಿಯ ತಿರುವಿನಲ್ಲಿ ಬೈಕು ಗೆರೆ ಎಳೆದಂತೆ ವಾಲಿ, ಎದ್ದು, ಮರೆಯಾಯಿತು.

ಅಲ್ಲಿ ತಲುಪಿದ ಮೇಲೆ ಕಾಯುವ ಕೋಣೆಯಿಂದ ಅವನು ನನಗೆ ಫೋನು ಮಾಡಿದ.

"ಹೂಶಂಗ್, ಅಂಗಡೀಲಿದ್ದೀಯಾ? ಕೂತುಕೋ. ಚಹಾ ಅಂಗಡಿ ಎದುರಿನ ತಿರುವು ದಾಟಿದ ಮೇಲೆ ಕೇಳಿದೆ, ತಿರುವು ಹೇಗಿತ್ತು ಅಂತ. ಏನಂದಳು ಗೊತ್ತಾ?"

"ಏನಂದಳು?"

"'ಯಾವ ತಿರುವು?' ಅಂದಳು! ಗೊತ್ತೇ ಆಗಿಲ್ಲ ಕಣೋ ಅವಳಿಗೆ! ಪಂಪಿನ ವಿಷಯ ಹೇಳ್ತಾ ಇದ್ದಳು. ಹೋದ ವರ್ಷವೇ ರಿಪೇರಿ ಆಯ್ತಂತೆ. ನೀನು ನಂಬಲ್ಲ, ತಾಳು, ಅವಳಿಗೇ ಕೊಡ್ತೀನಿ."

ಮಹ್ಲಕಾ ಫೋನು ತೆಗೆದುಕೊಂಡಳು. "ನಮಸ್ಕಾರ ಹೂಶಂಗ್ ಅಣ್ಣ. ಇವರೇನೋ ಕುಣೀತಿದ್ದಾರೆ. ನೋವಿಗೆ ಗುಳಿಗೆ ತಗೊಳ್ಳಿ ಅಂದ್ರೆ ಕೇಳ್ತಿಲ್ಲ, ನೀವಾದ್ರೂ ಹೇಳಿ." ಆ ಹೊತ್ತಿಗೆ ಹಿಂದೆ ನರ್ಸು ಅವನ ಹೆಸರು ಕೂಗಿದ್ದು ನನಗೂ ಕೇಳಿಸಿತು. ಆಮೇಲೆ ಎಸ್ಫಂದಿಯಾರನ ದನಿ, ಪಕ್ಕದಲ್ಲಿದ್ದ ಯಾರೋ ಅಪರಿಚಿತನಿಗೆ, ತುಂಬು ಖುಷಿಯಲ್ಲಿ ಒತ್ತಾಯ ಮಾಡುತ್ತಿತ್ತು: "ಇಲ್ಲ ಇಲ್ಲ, ಮೊದಲು ನೀವು ಹೋಗಿ. ಆಣೆಯಿಟ್ಟು ಹೇಳ್ತೀನಿ, ನೀವೇ ಹೋಗಿ. ನನಗೇನೂ ಅವಸರವಿಲ್ಲ."